ಉಂಡದ್ದೇ ಉಗಾದಿ

‘ಉಂಡದ್ದೇ ಉಗಾದಿ, ಮಿಂದದ್ದೇ ದೀವಳಿಗೆ’ ಎಂಬುದು ಕನ್ನಡದ ಹಳೆಯ ಗಾದೆ. ಹೊಟ್ಟೆ ತುಂಬ ಉಂಡ ದಿನವೇ ಹಬ್ಬ, ಎಣ್ಣೆ ಹಚ್ಚಿಕೊಂಡು ಮಿಂದ ದಿನವೇ ದೀಪಾವಳಿ ಎನ್ನುವಂತಹ ಬಡತನದ ಬದುಕು ಈ ಮಾತಿನ ಹಿಂದಿದೆ. ಹಬ್ಬಕ್ಕೂ ತುಂಬಿದ ಎಲೆಗೂ ಬಿಡಿಸಲಾಗದ ನಂಟಿದ್ದ ಕಾಲ ಅದು. ಇಂದು ಅದೇ ಗಾದೆ ಬೇರೊಂದು ಅರ್ಥದಲ್ಲಿ ನಿಜವಾಗಿದೆ. ದಿನನಿತ್ಯದ ಊಟವೇ ಉಗಾದಿಯ ಊಟವಾಗಿದೆ. ಉಗಾದಿಯ ದಿನ ಮಾತ್ರ ಎಲೆಯ ಮುಂದೆ ಕುಳಿತವರು ಹಿಂಜರಿಯುತ್ತಾರೆ. ರಾಯಕೋಟೆಯ ಒಂದು ಮನೆಯಲ್ಲಿ ಮೂರು ಉಗಾದಿಗಳ ನಡುವೆ ನಡೆದದ್ದು ಇದೇ.

ರಾಯಕೋಟೆ ಇಂದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಊರು. ಹೊಸೂರಿನಿಂದ ಧರ್ಮಪುರಿಗೆ ಹೋಗುವ ರೈಲುಮಾರ್ಗದಲ್ಲಿದೆ. ಊರ ಮೇಲಿನ ಬೆಟ್ಟದ ಕೋಟೆ 1791ರಲ್ಲಿ, ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, ಟಿಪ್ಪುವಿನ ಕೈಯಿಂದ ಇಂಗ್ಲಿಷರ ಕೈಗೆ ಹೋಯಿತು. ಆಳುವವರು ಬದಲಾದರೂ ಜನರ ನಾಲಗೆ ಬದಲಾಗಲಿಲ್ಲ. ತಮಿಳು, ತೆಲುಗು, ಕನ್ನಡ, ಉರ್ದು ಇಲ್ಲಿನ ಸಂತೆಯಲ್ಲಿ ಒಟ್ಟಿಗೆ ಕೇಳಿಬರುತ್ತವೆ. ಈ ಮನೆಯವರು ಹೊರಗೆ ತಮಿಳು, ನೆರೆಯವರೊಡನೆ ತೆಲುಗು, ಒಲೆಯ ಮುಂದೆ ಕನ್ನಡ ಆಡುವವರು. ಉಗಾದಿಗೆ ಅವರಲ್ಲಿ ತೊಗರಿಬೇಳೆಯ ಒಬ್ಬಟ್ಟು ಆಗಲೇಬೇಕು. ತೆಲುಗರು ಅದನ್ನೇ ಬೊಬ್ಬಟ್ಲು ಎನ್ನುತ್ತಾರೆ, ತಮಿಳರು ಪೋಳಿ ಎನ್ನುತ್ತಾರೆ. ಬೆಳಗಾವಿಯ ಕಡೆಗೆ ಹೋದರೆ ಬೇಳೆ ಕಡಲೆಯದಾಗುತ್ತದೆ, ಹೆಸರು ಹೋಳಿಗೆಯಾಗುತ್ತದೆ. ಅದರಾಚೆ ಮರಾಠಿಯಲ್ಲಿ ಅದು ಪುರಣಪೋಳಿ. ಕನ್ನಡದ ಹೂರಣ, ಮರಾಠಿಯ ಪುರಣ ಎರಡಕ್ಕೂ ತಾಯಿ ಸಂಸ್ಕೃತದ ‘ಪೂರಣ’. ಬೇಳೆ ಬೇಯಿಸಿದ ಕಟ್ಟನ್ನು ಚೆಲ್ಲದೆ ಇಲ್ಲಿ ಒಬ್ಬಟ್ಟಿನ ಸಾರು ಮಾಡುವಂತೆಯೇ ಅಲ್ಲಿ ಕಟಾಚಿ ಆಮಟಿ ಮಾಡುತ್ತಾರೆ. ಭಾಷೆಯ ಗಡಿಗಳನ್ನು ಹೂರಣ ಸುಲಭವಾಗಿಯೇ ದಾಟಿದೆ.

ಕನ್ನಡಿಗರು ಇಂತಹ ಅಡುಗೆಯನ್ನು ಕಾವ್ಯಕ್ಕೆ ಏರಿಸಿದವರು. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದು, ಹಿಟ್ಟಿನ ತಿನಿಸುಗಳ ಪಾಕವನ್ನು ಪದ್ಯಗಳಲ್ಲಿ ಹೇಳಿದ. ಅದೇ ಶತಮಾನದ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇರಿಸಿ, ಕೆಡದೆ ಉಳಿದ ನರೆದಲೆಗನಿಗೆ, ಎಂದರೆ ರಾಗಿಗೆ, ಗೆಲುವು ಕೊಡಿಸಿದರು. ಒಂದು ಕೃತಿ ಹಬ್ಬದ ಎಲೆಯದು, ಇನ್ನೊಂದು ದಿನದ ಹಿಟ್ಟಿನದು. ರಾಯಕೋಟೆಯ ಈ ಮನೆಯ ಅಜ್ಜಿ ಎರಡನ್ನೂ ಓದಿದವರಲ್ಲ. ಆದರೆ ಎರಡನ್ನೂ ಬಾಳಿದವರು.

ಎಪ್ಪತ್ತು ದಾಟಿದ ಆ ಅಜ್ಜಿಯ ಬಾಲ್ಯದಲ್ಲಿ ವರ್ಷದ ಬಹುಪಾಲು ದಿನಗಳ ಊಟ ರಾಗಿಮುದ್ದೆ, ಹುರುಳಿಯ ಸಾರು, ಸೊಪ್ಪು. ಮಳೆಯನ್ನೇ ನಂಬಿದ ಹೊಲದಲ್ಲಿ ರಾಗಿ, ಅದರ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ. ಅಕ್ಕಿಯ ಅನ್ನವೇ ಹಬ್ಬದ ವಸ್ತು. ಒಬ್ಬಟ್ಟಾದರೆ ಎರಡು ದಿನದ ಕೆಲಸ. ಬೇಳೆ ಆರಿಸಬೇಕು, ಬೆಲ್ಲ ಕುಟ್ಟಬೇಕು, ಹೂರಣವನ್ನು ಒರಳಿನಲ್ಲಿ ರುಬ್ಬಬೇಕು, ಕಣಕವನ್ನು ಎಣ್ಣೆಯಲ್ಲಿ ನೆನೆಸಿ ನಾದಬೇಕು, ಬಾಳೆಯೆಲೆಯ ಮೇಲೆ ತಟ್ಟಿ ಕಾವಲಿಯ ಮೇಲೆ ಒಂದೊಂದಾಗಿ ಬೇಯಿಸಬೇಕು. ಮಾಡಿದವರ ತೋಳು ಸೋಲುತ್ತಿತ್ತು. ಮನೆಯಲ್ಲಿ ಹತ್ತು ಹನ್ನೆರಡು ಜನ, ನೆರೆಯಲ್ಲಿ ನಾಲ್ಕು ಮನೆ. ತಲೆಗೆ ಎರಡು ಬಂದರೆ ಹೆಚ್ಚು. ಮಿತವಾಗಿ ತಿನ್ನಿರೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಪಂಚಾಂಗ, ದುಡಿಮೆ, ಹಂಚಿಕೆ ಈ ಮೂರೂ ಸೇರಿ ಮಿತಿಯನ್ನು ತಾವೇ ಕಾಯುತ್ತಿದ್ದವು.

ಆ ಕಾವಲು ಒಂದೊಂದಾಗಿ ಸಡಿಲಿತು. ನೆರೆಯ ಪಾಲಕೋಡಿನಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಬಂದಿತು. ಪಡಿತರದ ಅಂಗಡಿಯಲ್ಲಿ ಅಕ್ಕಿ 2008ರಲ್ಲಿ ಕಿಲೋಗೆ ಒಂದು ರೂಪಾಯಿಯಾಗಿ, 2011ರಿಂದ ಉಚಿತವೇ ಆಯಿತು. ಹಸಿವನ್ನು ಅಟ್ಟಿದ ಈ ಬದಲಾವಣೆಯನ್ನು ಹಳಿಯುವುದು ಕೃತಘ್ನತೆಯಾದೀತು. ಬರಗಾಲ ಕಂಡ ಅಜ್ಜಿ ಎಂದೂ ಹಳಿದವರಲ್ಲ. ಆದರೆ ಅನ್ನ ಮೂರು ಹೊತ್ತಿನದಾಯಿತು, ಗಿರಣಿ ಒರಳನ್ನು ಮೂಲೆಗೆ ತಳ್ಳಿತು, ಬೇಕರಿಯ ಗಾಜಿನ ಕಪಾಟಿನಲ್ಲಿ ಬಣ್ಣದ ಕೇಕು ಎಲ್ಲ ದಿನವೂ ಕಾಣತೊಡಗಿತು. ಹಬ್ಬದ ತಿನಿಸುಗಳು ಪಂಚಾಂಗದಿಂದ ಹೊರಗೆ ಬಂದವು. ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದೂ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನ 2023ರಲ್ಲಿ ಅಂದಾಜಿಸಿತು. ಆ ಕೋಟಿಗಳಲ್ಲಿ ಅಜ್ಜಿಯ ಮಗನೂ ಒಬ್ಬ.

ಮಗ ಹೊಸೂರಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುವವನು. ನಲವತ್ತೆಂಟನೆಯ ವಯಸ್ಸಿನಲ್ಲಿ ರಕ್ತಪರೀಕ್ಷೆಯ ಚೀಟಿ ಹಿಡಿದು ಮನೆಗೆ ಬಂದ. ಆ ವರ್ಷದ ಉಗಾದಿಯ ದಿನ ತಾಯಿ ತುಪ್ಪ ಸುರಿದು ಬಡಿಸಿದ ಒಬ್ಬಟ್ಟನ್ನು ಎಲೆಯ ತುದಿಗೆ ಸರಿಸಿ, “ಬೇಡ ಕಣಮ್ಮಾ, ಇದು ನನಗೆ ವಿಷ” ಎಂದ. ಮಾತು ರೋಗದ ಭಯದಿಂದ ಬಂದದ್ದು. ಆದರೆ ತಾಯಿಗೆ ಕೇಳಿಸಿದ್ದು ಬೇರೆ: ತನ್ನ ಕೈಯ ಅಡುಗೆಯನ್ನು ಮಗ ವಿಷ ಎಂದನೆಂದು. ಆಕೆ ಏನನ್ನೂ ಹೇಳದೆ ಎದ್ದುಹೋದರು. ಮರುವರ್ಷದ ಉಗಾದಿಗೆ ಕಾವಲಿ ಅಟ್ಟದಿಂದ ಇಳಿಯಲೇ ಇಲ್ಲ. ಬೇವುಬೆಲ್ಲ ಹಂಚಿ, ಎಂದಿನ ಅನ್ನ ಸಾರು ಮಾಡಿ, ಹಬ್ಬ ಮುಗಿಯಿತೆಂದರು. ನೆರೆಯ ತೆಲುಗು ಮನೆಯಿಂದ ಬಂದ ಬೊಬ್ಬಟ್ಲಿಗೆ ಪ್ರತಿಯಾಗಿ ಕೊಡಲು ಮನೆಯಲ್ಲಿ ಏನೂ ಇರಲಿಲ್ಲ. ಸಕ್ಕರೆ ಕಾಯಿಲೆ ಒಬ್ಬನಿಗೆ ಬಂದಿತ್ತು; ಹಬ್ಬ ಕಳೆದುಕೊಂಡದ್ದು ಇಡೀ ಮನೆ.

ಮೊಮ್ಮಗಳಿಗೆ ಇದು ಸಹನೆಯಾಗಲಿಲ್ಲ. ಡಿಸೆಂಬರ್ 31ರಂದು, ಬೇಕರಿಗಳ ಮುಂದೆ ಚಪ್ಪರ ಹಾಕಿ ಹೊಸವರ್ಷದ ಕೇಕು ಮಾರುವ ಹೊತ್ತಿಗೆ, ಅಪ್ಪನಿಗಾಗಿ ಮನೆಯಲ್ಲೇ ರಾಗಿ ಕೇಕು ಬೇಯಿಸಿದಳು. ಸಿರಿಧಾನ್ಯಗಳ ಗುಣಗಾನ ಎಲ್ಲೆಲ್ಲೂ ಕೇಳುತ್ತಿದ್ದ ಕಾಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತ್ತು. ಆ ವರ್ಷವೇ ನೆರೆಯ ಧರ್ಮಪುರಿ ಜಿಲ್ಲೆಯ ಪಡಿತರದಲ್ಲಿ ಎರಡು ಕಿಲೋ ಅಕ್ಕಿಗೆ ಬದಲು ಎರಡು ಕಿಲೋ ರಾಗಿ ಕೊಡತೊಡಗಿದ್ದರು. ರಾಗಿಯದಲ್ಲವೇ ಎಂದು ಅಪ್ಪ ಧೈರ್ಯದಿಂದ ಮೂರು ತುಂಡು ತಿಂದ. ಅಜ್ಜಿ ಬಟ್ಟಲು ನೋಡಿ ಕೇಳಿದ್ದು ಒಂದೇ ಮಾತು: “ಸಕ್ಕರೆ ಎಷ್ಟು ಹಾಕಿದೆಯವ್ವಾ?”

ಮೈದಾ ಹೋಗಿ ರಾಗಿ ಬಂದಿತ್ತು. ಆದರೆ ಕಾಲು ಕಿಲೋ ಸಕ್ಕರೆ, ಕಾಲು ಕಿಲೋ ಬೆಣ್ಣೆ ಹಾಗೆಯೇ ಇದ್ದವು. ಹತ್ತು ತುಂಡು ಮಾಡಿದರೆ ತುಂಡಿಗೆ 25 ಗ್ರಾಂ ಸಕ್ಕರೆ. ರಾಗಿಯಲ್ಲಿ ನಾರು ಹೆಚ್ಚು. ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶವೂ ಇದೆ. ಆದರೂ ಅದರ ತೂಕದ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಕನಕದಾಸರ ರಾಗಿ ಭತ್ತವನ್ನು ಗೆದ್ದಿರಬಹುದು, ಕಾಲು ಕಿಲೋ ಸಕ್ಕರೆಯನ್ನು ಗೆಲ್ಲಲಾರದು. ಬೆಲ್ಲದ ಮೇಲಿನ ನಂಬಿಕೆಯೂ ಹೀಗೆಯೇ. ಅದರಲ್ಲಿ ಅಲ್ಪ ಖನಿಜಾಂಶವಿದ್ದರೂ ಬಹುಪಾಲು ಸಕ್ಕರೆಯೇ. ಮಧುಮೇಹಿಯ ರಕ್ತ ಅವೆರಡರ ನಡುವೆ ಬಣ್ಣದ ಭೇದ ಎಣಿಸುವುದಿಲ್ಲ.

ಅಜ್ಜಿಯ ಆ ಪ್ರಶ್ನೆಯಿಂದ ಮೊಮ್ಮಗಳು ಲೆಕ್ಕದ ಪುಸ್ತಕ ತೆರೆದಳು. ಅಜ್ಜಿಯ ಅಳತೆ ಅರ್ಧ ಕಿಲೋ ಬೇಳೆಗೆ ಅರ್ಧ ಕಿಲೋ ಬೆಲ್ಲ, ಒಬ್ಬಟ್ಟು ಇಪ್ಪತ್ತೈದು. ಎಂದರೆ ಒಂದಕ್ಕೆ 20 ಗ್ರಾಂ ಬೆಲ್ಲ. ಬಳಿಕ ಅಪ್ಪನ ದಿನದ ಲೆಕ್ಕ. ಪಾಳಿಯಲ್ಲಿ ಮೂರು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ ಐದು ಗ್ರಾಂ. ದಿನಕ್ಕೆ 30 ಗ್ರಾಂ, ವರ್ಷಕ್ಕೆ ಹತ್ತಿರ ಹತ್ತಿರ 11 ಕಿಲೋ. ಚಹಾದೊಡನೆ ಬರುವ ಬನ್ನು, ಬಿಸ್ಕತ್ತು ಇದರಲ್ಲಿ ಸೇರಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ ಹೊರಗಿನಿಂದ ಬೆರೆಸಿದ ಸಕ್ಕರೆ ದಿನದ ಆಹಾರಶಕ್ತಿಯ ಶೇಕಡ 10ಕ್ಕಿಂತ ಕಡಿಮೆ ಇರಬೇಕು. ಶೇಕಡ 5ಕ್ಕೆ, ಎಂದರೆ ಸುಮಾರು 25 ಗ್ರಾಂಗೆ, ಇಳಿಸಿದರೆ ಇನ್ನೂ ಒಳ್ಳೆಯದು. ಉಗಾದಿಯ ಒಬ್ಬಟ್ಟನ್ನು ವಿಷವೆಂದು ಸರಿಸಿದವನು ವರ್ಷವಿಡೀ ಒಬ್ಬಟ್ಟಿಗಿಂತ ಹೆಚ್ಚಿನ ಸಿಹಿಯನ್ನು ಪ್ರತಿದಿನ ಲೋಟದಲ್ಲಿ ಕುಡಿದಿದ್ದ. ಅಪರಾಧಿಯೆಂದು ಹೊರಗೆ ನಿಂತದ್ದು ಮಾತ್ರ ಹಬ್ಬ.

ಅಪ್ಪ ಆ ಪುಟವನ್ನು ಬಹಳ ಹೊತ್ತು ನೋಡಿದ. ಮರುವಾರದಿಂದ ಚಹಾಕ್ಕೆ ಸಕ್ಕರೆ ನಿಂತಿತು. ರಾತ್ರಿಯ ಅನ್ನದ ಗುಡ್ಡೆ ಕರಗಿ ಚಿಕ್ಕ ಮುದ್ದೆ, ಹೆಚ್ಚು ಸೊಪ್ಪುಸಾರು ಬಂದವು. ಅಜ್ಜಿಗೆ ಇದರಲ್ಲಿ ಹೊಸತೇನೂ ಇರಲಿಲ್ಲ, ಅದು ಅವರ ತಾಯಿಯ ಮನೆಯ ಊಟ. ಹಬ್ಬದ ದಿನದ ಬಗ್ಗೆ ವೈದ್ಯರನ್ನು ಕೇಳಿದಾಗ ಅವರೂ ಬಾಗಿಲು ಮುಚ್ಚಲಿಲ್ಲ. ಮಾತ್ರೆ ತಪ್ಪಿಸಬಾರದು, ಒಬ್ಬಟ್ಟನ್ನು ಅನ್ನದ ಮೇಲೆ ಅಲ್ಲ, ಅನ್ನದ ಬದಲಿಗೆ ತಿನ್ನಬೇಕು, ಉಂಡ ಮೇಲೆ ಮಲಗದೆ ನಡೆಯಬೇಕು ಎಂದರು.

ಮೂರನೆಯ ಉಗಾದಿಗೆ ಕಾವಲಿ ಅಟ್ಟದಿಂದ ಇಳಿಯಿತು. ಅರ್ಧ ಕಿಲೋ ಬೇಳೆಗೆ ಈ ಬಾರಿ 350 ಗ್ರಾಂ ಬೆಲ್ಲ, ಏಲಕ್ಕಿ ಸ್ವಲ್ಪ ಮುಂದು. ಅಂಗೈಯಗಲಕ್ಕೆ ತಟ್ಟಿದಾಗ ಒಬ್ಬಟ್ಟು ಮೂವತ್ತೈದಾದವು, ಒಂದಕ್ಕೆ ಹತ್ತೇ ಗ್ರಾಂ ಬೆಲ್ಲ. ಎಲೆಗೆ ಮೊದಲು ಹೆಸರುಬೇಳೆಯ ಕೋಸಂಬರಿ, ಪಲ್ಯ, ಒಬ್ಬಟ್ಟಿನ ಸಾರು, ಕೊನೆಗೆ ಒಬ್ಬಟ್ಟು. ಸಂಜೆಗೆ ಮೊದಲೇ ನೆರೆಯ ನಾಲ್ಕು ಮನೆಗಳಿಗೆ ತಟ್ಟೆಗಳು ಹೋದವು. ನಾಲ್ಕು ದಿನ ಡಬ್ಬಿಯಲ್ಲಿಟ್ಟುಕೊಂಡು ತಿನ್ನುವ ಹೊಸ ರೂಢಿ ನಿಂತು, ಹಂಚುವ ಹಳೆಯ ರೂಢಿ ಮರಳಿತು.

ಮಗ ಎರಡು ಒಬ್ಬಟ್ಟು ತಿಂದ. ಮೂರನೆಯದನ್ನು ತಾಯಿ ಕೈಯಲ್ಲಿ ಹಿಡಿದು ಒಂದು ಕ್ಷಣ ನಿಂತರು. ಬಡಿಸಬೇಕೆಂಬ ಆಸೆ ಅವರಿಗೆ ಇತ್ತು; ಬೇಡವೆನ್ನಲು ಮಗನೂ ಬಾಯಿ ತೆರೆಯಲಿಲ್ಲ. ಕೊನೆಗೆ ಅದನ್ನು ಎರಡಾಗಿ ಮುರಿದು ಅರ್ಧವನ್ನು ಮೊಮ್ಮಗಳ ಎಲೆಗೆ ಹಾಕಿ, ಉಳಿದರ್ಧವನ್ನು ತಾವೇ ತಿಂದರು. ‘ಊಟ ಬಲ್ಲವನಿಗೆ ರೋಗವಿಲ್ಲ’ ಎನ್ನುತ್ತಾರೆ. ಉಣ್ಣುವವನು ಬಲ್ಲವನಾದರೆ ಸಾಲದು, ಬಡಿಸುವ ಕೈಯೂ ಬಲ್ಲದ್ದಾಗಬೇಕು. ಆ ಮನೆಯಲ್ಲಿ ಆ ದಿನ ಉಂಡದ್ದು ನಿಜವಾದ ಉಗಾದಿ. ಮರುದಿನದಿಂದ ಮತ್ತೆ ಮುದ್ದೆ, ಸೊಪ್ಪುಸಾರು.