ಮೃಗಯೆಯೂ ಪರೀಕ್ಷೆಯೂ

ಮೃಗಯೆಯನ್ನು ನಮ್ಮ ಶಾಸ್ತ್ರಕಾರರು ವ್ಯಸನಗಳ ಸಾಲಿನಲ್ಲಿ ಎಣಿಸಿದರು; ಆದರೂ ಅದನ್ನು ಮೆಚ್ಚುವವರ ಮಾತನ್ನು ಅವರು ಅಡಗಿಸಿಡಲಿಲ್ಲ. ಕೌಟಿಲ್ಯನು ಬೇಟೆಯನ್ನೂ ಜೂಜನ್ನೂ ತೂಗಿನೋಡಿ, ಬೇಟೆಯಿಂದ ದೇಹಕ್ಕೆ ವ್ಯಾಯಾಮವೂ, ನಿಂತ ಗುರಿ ಓಡುವ ಗುರಿಗಳೆರಡರ ಅಭ್ಯಾಸವೂ, ಮೃಗಗಳ ಚಿತ್ತದ ಅರಿವೂ ದೊರೆಯುವುವೆಂದು ಹೇಳಿರುವನು. ಕಾಳಿದಾಸನ ಶಾಕುಂತಲದಲ್ಲಿ ಸೇನಾಪತಿಯು ಇವೇ ಗುಣಗಳನ್ನು ಕೊಂಡಾಡುತ್ತಾನೆ. ಅದೇ ನಾಟಕದ ಮೊದಲನೆಯ ಅಂಕದಲ್ಲಿ ತಪಸ್ವಿಯು ಆಶ್ರಮದ ಜಿಂಕೆಯನ್ನು ಕೊಲ್ಲಬಾರದೆಂದು ದೊರೆಯನ್ನು ತಡೆಯುತ್ತಾನೆ. ಪಾಠಶಾಲೆಯಲ್ಲಿ ಇವೆರಡನ್ನೂ ಓದಿ, ಮುಂದೆ ಹುಡುಗರಿಗೂ ಓದಿಸಿದ ನನಗೆ ಈ ವಿಷಯವು ಗ್ರಂಥದೊಳಗಿನದಾಗಿಯೇ ಉಳಿದಿತ್ತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯ ಬಾಗಿಲನ್ನು ಮುಚ್ಚಿರುವುದರಿಂದ, ಅದು ಹಾಗೆಯೇ ಉಳಿಯಬಹುದಾಗಿತ್ತು.

ಕಳೆದ ವರ್ಷ ಅಮೆರಿಕೆಯ ಕೊಲೊರಾಡೊ ಸಂಸ್ಥಾನದಲ್ಲಿರುವ ಮಗಳ ಮನೆಗೆ ಹೋದಾಗ, ಅದು ಮನೆಯ ಪ್ರಶ್ನೆಯಾಗಿ ಎದುರಿಗೆ ಬಂದಿತು. ನೆರೆಮನೆಯ ವೃದ್ಧನೊಬ್ಬನು ಪ್ರತಿ ಶರತ್ಕಾಲದಲ್ಲಿಯೂ ಬೆಟ್ಟಕ್ಕೆ ಹೋಗಿ ಎಲ್ಕ್ ಬೇಟೆಯಾಡಿ, ಅದರ ಮಾಂಸದಿಂದಲೇ ಚಳಿಗಾಲವನ್ನು ಕಳೆಯುವವನು. ಹದಿನಾಲ್ಕು ವರ್ಷದ ನನ್ನ ಮೊಮ್ಮಗನು ಅವನೊಡನೆ ಬಂದೂಕು ಹಿಡಿದು ಹೋಗಬೇಕೆಂದು ಹಟ ಹಿಡಿದಿದ್ದನು. ಸುರಕ್ಷತೆಯ ಶಿಕ್ಷಣವನ್ನು ಮುಗಿಸಿದ ಹುಡುಗರು ಹನ್ನೆರಡು ತುಂಬಿದ ಮೇಲೆ ಹಿರಿಯರ ಜೊತೆಯಲ್ಲಿ ಬೇಟೆಯಾಡಬಹುದೆಂದು ಅಲ್ಲಿಯ ನಿಯಮವಿದೆ. ನಮ್ಮದೋ ತಲೆಮಾರುಗಳಿಂದ ಸಸ್ಯಾಹಾರದ ಮನೆ. “ಅಪ್ಪಾ, ನೀವೇ ಏನಾದರೂ ಹೇಳಿ” ಎಂದು ಮಗಳು ಭಾರವನ್ನು ನನ್ನ ಮೇಲೆ ಹಾಕಿದಳು. ನೋಡದೆ ತೀರ್ಪು ಕೊಡುವುದು ಉಪಾಧ್ಯಾಯನಿಗೆ ಒಪ್ಪುವ ಕೆಲಸವಲ್ಲ. ಬೇಟೆಯ ಕಾಲಕ್ಕೆ ಮುಂಚೆ ಬಂದೂಕನ್ನು ಪರೀಕ್ಷಿಸುವ ಬಯಲಿಗೆ ನಾನೂ ಅವರೊಡನೆ ಹೋದೆನು.

ಎಲ್ಕ್ ನಮ್ಮ ಕಡವೆಯ ಬಂಧು. ಬಲಿತ ಗಂಡು ಸುಮಾರು 300 ಕಿಲೋಗ್ರಾಂ ತೂಗುವುದು. ಇಂಥ ಪ್ರಾಣಿಗೆ ಸಣ್ಣ ಗುಂಡು ತಗುಲಿದರೆ ಅದು ಬೀಳದೆ ಗಾಯದೊಡನೆ ಓಡಿ ಎಲ್ಲಿಯೋ ನರಳಿ ಸಾಯುವುದು. ಆದುದರಿಂದ ಆಯುಧದ ಆಯ್ಕೆಯನ್ನು ಬೇಟೆಗಾರನ ಇಷ್ಟಕ್ಕೇ ಬಿಟ್ಟಿಲ್ಲ. ರೈಫಲಿನ ರಂಧ್ರವು ಅಂಗುಲದ ನೂರು ಪಾಲಿನಲ್ಲಿ 24 ಪಾಲಿಗಿಂತ ಕಿರಿದಾಗಿರಕೂಡದು. ಗುಂಡು ಜಿಂಕೆಗಾದರೆ 70 ಗ್ರೇನ್, ಎಲ್ಕಿಗಾದರೆ 85 ಗ್ರೇನ್ ತೂಕಕ್ಕೆ ಕಡಿಮೆಯಿರಕೂಡದು. ವೃದ್ಧನ ಬಂದೂಕು ‘ಥರ್ಟಿ ಆಟ್ ಸಿಕ್ಸ್’ ಎಂಬ ಜಾತಿಯದು. ಥರ್ಟಿ ಎಂಬುದು ರಂಧ್ರದ ಅಳತೆ; ಆಟ್ ಸಿಕ್ಸ್ ಎಂಬುದು ಆ ತೋಟಾ ಅಮೆರಿಕದ ಸೈನ್ಯಕ್ಕೆ ಬಂದ 1906ನೆಯ ಇಸವಿ. ಶತಮಾನ ಕಳೆದರೂ ಅದರ ಬಳಕೆ ನಿಂತಿಲ್ಲ.

ಪರೀಕ್ಷೆಯ ಕ್ರಮವು ನನಗೆ ಬಹಳ ಹಿಡಿಸಿತು. ಮೊದಲು ದುರ್ಬೀನನ್ನು ಬಿಗಿದಿರುವ ತಿರುಪುಗಳನ್ನು ಒಂದೊಂದಾಗಿ ನೋಡಿದನು. ಬಳಿಕ ಬಂದೂಕನ್ನು ಮೇಜಿನ ಮೇಲೆ ಮರಳಿನ ಚೀಲಗಳಿಗೆ ಆನಿಸಿ, 25 ಗಜ ದೂರದ ಕಾಗದಕ್ಕೆ ಹೊಡೆದು, ಆಮೇಲೆ 100 ಗಜಕ್ಕೆ ಹೋದನು. ಒಂದು ಗುಂಡಿನಿಂದ ಏನನ್ನೂ ನಿರ್ಣಯಿಸಲಿಲ್ಲ. ಮೂರು ಮೂರು ಹೊಡೆದು, ನಳಿಗೆ ಆರುವವರೆಗೆ ಕಾದು, ಮೂರರ ನಡುವಣ ಸ್ಥಾನವನ್ನು ಗುರುತಿಸಿದನು. ದುರ್ಬೀನಿನ ಗುಂಡಿಯನ್ನು ಒಮ್ಮೆ ‘ಟಿಕ್’ ಎನ್ನಿಸಿದರೆ 100 ಗಜದಲ್ಲಿ ಗುರಿಯು ಕಾಲು ಅಂಗುಲ ಸರಿಯುವುದು. 165 ಗ್ರೇನಿನ ತೋಟಾಗಳಿಗೆ ಹೊಂದಿಸಿದ ಮೇಲೆ 180 ಗ್ರೇನಿನವನ್ನು ಹಾಕಿದರೆ, ಅದೇ ಬಂದೂಕು ಬೇರೊಂದೆಡೆಗೆ ಹೊಡೆಯಿತು. 200 ಗಜಕ್ಕೆ ಸರಿಪಡಿಸಿದ ಬಂದೂಕಿನ ಗುಂಡು 300 ಗಜದಲ್ಲಿ ಸುಮಾರು ಎಂಟು ಅಂಗುಲ ಕೆಳಗೆ ಬೀಳುವುದು. ಇದನ್ನೆಲ್ಲ ಅವನು ಒಂದು ಹಳೆಯ ಪುಸ್ತಕದಲ್ಲಿ ಬರೆದುಕೊಂಡನು.

ಬಂದೂಕಿನ ಪರೀಕ್ಷೆ ಇಲ್ಲಿಗೆ ಮುಗಿದು, ಮನುಷ್ಯನ ಪರೀಕ್ಷೆ ಆರಂಭವಾಯಿತು. ಕಾಡಿನಲ್ಲಿ ಮೇಜೂ ಇಲ್ಲ, ಮರಳಿನ ಚೀಲವೂ ಇಲ್ಲ. ಒಂಬತ್ತು ಅಂಗುಲದ ಕಾಗದದ ತಟ್ಟೆಯೊಂದನ್ನು ನೆಟ್ಟು, ಕುಳಿತೂ ಮಂಡಿಯೂರಿಯೂ ಹೊಡೆಯಬೇಕು. ಎಷ್ಟು ದೂರದಿಂದ ಐದಕ್ಕೆ ಐದೂ ತಟ್ಟೆಯೊಳಗೆ ಬೀಳುವುವೋ ಅಷ್ಟೇ ತನ್ನ ಮೇರೆ. ಬಂದೂಕು ಅರ್ಧ ಮೈಲಿಗೆ ಎಸೆದೀತು. ವೃದ್ಧನು ತನ್ನ ಮೇರೆಯನ್ನು 200 ಗಜವೆಂದು ಬರೆದುಕೊಂಡನು. ಹುಡುಗನ ಸರದಿಯಲ್ಲಿ ಅವನಿಗೆ ತಿಳಿಯದಂತೆ ಬರಿಯ ತೋಟಾವೊಂದನ್ನು ಸೇರಿಸಿದನು. ಕುದುರೆಯನ್ನೆಳೆದಾಗ ಸದ್ದಾಗಲಿಲ್ಲ; ಆದರೆ ನಳಿಗೆಯ ತುದಿ ಚಕ್ಕನೆ ಕೆಳಗೆ ಬಾಗಿತು. ಒದೆತಕ್ಕೆ ಮೊದಲೇ ಮೈ ಬೆದರುವುದನ್ನು ಈ ಉಪಾಯವು ಬಯಲಿಗೆ ತರುವುದು. ಕುಳಿತು 100 ಗಜದಿಂದ ಅವನು ಹೊಡೆದ ಐದರಲ್ಲಿ ಮೂರು ಒಳಗೆ ಬಿದ್ದುವು. ನಾನು ನೂರಕ್ಕೆ ಅರವತ್ತು ಕೊಟ್ಟು ತೇರ್ಗಡೆ ಮಾಡುತ್ತಿದ್ದೆನೋ ಏನೋ. ವೃದ್ಧನು, “ಹೊರಗೆ ಬಿದ್ದ ಎರಡು, ಗಾಯಗೊಂಡ ಎರಡು ಪ್ರಾಣಿಗಳು” ಎಂದು ಸುಮ್ಮನಾದನು.

ಆಗ ನನಗೆ ನಮ್ಮ ಪುರಾಣೇತಿಹಾಸಗಳ ಮೂರು ಬೇಟೆಗಳು ನೆನಪಿಗೆ ಬಂದುವು. ದಶರಥನು ಕೊಡದಲ್ಲಿ ನೀರು ತುಂಬುವ ಸದ್ದನ್ನು ಆನೆಯದೆಂದು ತಿಳಿದು ಬಾಣ ಬಿಟ್ಟನು. ಪಾಂಡುವು ಜಿಂಕೆಯೆಂದು ಹೊಡೆದುದು ಋಷಿಯನ್ನು. ಜರನೆಂಬ ಬೇಡನು ಜಿಂಕೆಯೆಂದು ಹೊಡೆದುದು ಶ್ರೀಕೃಷ್ಣನ ಪಾದವನ್ನು. ಮೂವರೂ ಗುರಿಯನ್ನು ತಪ್ಪಲಿಲ್ಲ. ಗುರಿ ಏನೆಂಬುದನ್ನು ತಪ್ಪಿದರು. ಕಣ್ಣಿಗೆ ಕಂಡ ಪ್ರಾಣಿ ಯಾವುದು, ಅದರ ಹಿಂದೆ ಏನಿದೆ, ಇವೆರಡೂ ನಿಶ್ಚಯವಾಗದೆ ಕುದುರೆಗೆ ಬೆರಳನ್ನು ತರಬಾರದೆಂಬುದು ಅಲ್ಲಿಯ ಶಿಕ್ಷಣದ ಮುಖ್ಯ ಪಾಠ. ರೈಫಲ್ ಬೇಟೆಗಾರನು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆಯನ್ನು, 500 ಚದರ ಅಂಗುಲಕ್ಕೆ ಕಡಿಮೆಯಿಲ್ಲದಂತೆ, ಟೋಪಿಯನ್ನೂ ಸೇರಿಸಿ ಧರಿಸಲೇಬೇಕು.

ಮೊಮ್ಮಗನಿಗೆ ನಾನು ಹೇಳಿದುದಿಷ್ಟು: “ಐದಕ್ಕೆ ಐದೂ ಒಳಗೆ ಬೀಳುವವರೆಗೆ ಪ್ರಶ್ನೆಯೇ ಹುಟ್ಟುವುದಿಲ್ಲ. ಬಿದ್ದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುವುದು. ಅದಕ್ಕೆ ಬಂದೂಕು ಉತ್ತರ ಕೊಡಲಾರದು.” ಅವನು ಮುಖ ಸಣ್ಣದು ಮಾಡಿಕೊಂಡರೂ ಒಪ್ಪಿದನು. ಆ ಅಕ್ಟೋಬರಿನಲ್ಲಿ ಬರಿಗೈಯಲ್ಲಿಯೇ ವೃದ್ಧನೊಡನೆ ಬೆಟ್ಟಕ್ಕೆ ಹೋಗಿ ಬಂದನು. ನೂರು ಗಜದೊಳಗೆ ದೊಡ್ಡ ಗಂಡು ಎಲ್ಕ್ ನಿಂತಿತ್ತಂತೆ. ಅದರ ಬೆನ್ನ ಹಿಂದೆಯೇ ಇನ್ನೊಂದು ನಿಂತಿದ್ದುದರಿಂದ, ಗುಂಡು ಒಂದನ್ನು ಹಾಯ್ದು ಮತ್ತೊಂದಕ್ಕೆ ತಗುಲೀತೆಂದು ವೃದ್ಧನು ಬಂದೂಕನ್ನು ಇಳಿಸಿಬಿಟ್ಟನಂತೆ. ಇದನ್ನು ಹೇಳುವಾಗ ಹುಡುಗನ ದನಿಯಲ್ಲಿ ನಿರಾಶೆಗಿಂತ ಗೌರವವೇ ಹೆಚ್ಚಾಗಿತ್ತು.

ಈಚೆಗೆ ಅವನ ಕಾಗದ ಬಂದಿತು: “ಅಜ್ಜ, ಐದಕ್ಕೆ ಐದೂ ಬಿದ್ದುವು. ಈಗ ನಿಮ್ಮ ಎರಡನೆಯ ಪ್ರಶ್ನೆ.” ನಾನು ಹೀಗೆ ಉತ್ತರ ಬರೆದಿದ್ದೇನೆ: ವೃದ್ಧನ ಮನೆಯ ಅನ್ನ ಆ ಬೇಟೆ, ಅವನನ್ನು ನಾನು ನಿಂದಿಸಲಾರೆ. ನಿನ್ನ ತಾಯಿಯ ಅಡಿಗೆಮನೆಯಲ್ಲಿ ನಿನಗೆ ಊಟಕ್ಕೆ ಕೊರತೆಯಿಲ್ಲ. ಅದರಿಂದ, ಬೇಡವೆಂಬುದೇ ನನ್ನ ಮತ. ಮೊದಲು ಬೇಡವೆಂದಿದ್ದರೆ ಅದು ಕೈಲಾಗದವನಿಗೆ ಹೇಳಿದ ಮಾತಾಗುತ್ತಿತ್ತು. ಈಗ ಕೊಲ್ಲಬಲ್ಲವನಾಗಿದ್ದೀಯೆ, ಕೊಲ್ಲದಿರುವುದೂ ಈಗ ನಿನ್ನ ಕೈಯಲ್ಲಿದೆ. ತೀರ್ಮಾನ ನಿನ್ನದು.

ಉತ್ತರ ಇನ್ನೂ ಬಂದಿಲ್ಲ.