ಆಲ್ಬುಮಿನ್ ವರದಿ ಹಿಡಿದು ಬೈದದ್ದು

ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಡೆಸಿಲೀಟರಿಗೆ 3.5 ಗ್ರಾಂಗಿಂತ ಇಳಿದರೆ ಮನೆಯಲ್ಲಿ ಸರಿಯಾಗಿ ಉಣಿಸುತ್ತಿಲ್ಲ ಎಂದೇ ನಾನು ನಂಬಿದ್ದೆ. ನ್ಯುಮೋನಿಯಾ ಆಗಿ ಮಳಖೇಡದ ಕಡೆಯಿಂದ ಬಂದಿದ್ದ ಹಿರಿಯರೊಬ್ಬರ ವರದಿಯಲ್ಲಿ 2.3 ಕಂಡ ಕೂಡಲೇ ವಾರ್ಡಿನ ಎಲ್ಲರೆದುರು ಅವರ ಸೊಸೆಯನ್ನು ಕೇಳಿದೆ: "ಮುತ್ಯಾಗ ಹೊಟ್ಟಿತುಂಬ ಊಟ ಹಾಕೂದಿಲ್ಲೇನವಾ?"

"ಹಾಕ್ತೀನ್ರಿ ಮೇಡಂ. ರೊಟ್ಟಿ ಹಾಲಾಗ ನೆನಸಿ ಕೊಡ್ತೀನಿ, ತೊಗರಿಬ್ಯಾಳಿ ಉಣಸ್ತೀನಿ. ಜ್ವರ ಬಂದ ಮ್ಯಾಲ ನಾಕ್ ದಿನದಿಂದ ಏನೂ ಒಲ್ಲೆ ಅಂತಾರ್ರಿ." ಕಣ್ಣು ತುಂಬಿಕೊಂಡು ಹೇಳಿದಳು. ನಾನು ನಂಬಲಿಲ್ಲ. ತಪ್ಪಿದ್ದು ನಾನೇ.

ನಾಲ್ಕು ದಿನದ ಉಪವಾಸಕ್ಕೆ ಆಲ್ಬುಮಿನ್ ಅಷ್ಟು ಕುಸಿಯುವುದಿಲ್ಲ. ಅದರ ಅರ್ಧಾಯುಷ್ಯವೇ ಸುಮಾರು 20 ದಿನ. ಆದರೆ ಸೋಂಕು ಬಂದಾಗ ಯಕೃತ್ತು ಆಲ್ಬುಮಿನ್ ತಯಾರಿಕೆ ತಗ್ಗಿಸಿ ಸಿಆರ್‌ಪಿಯಂಥ ಉರಿಯೂತದ ಪ್ರೋಟೀನುಗಳತ್ತ ತಿರುಗುತ್ತದೆ. ರಕ್ತನಾಳಗಳ ಗೋಡೆ ಸಡಿಲಾಗಿ ಇದ್ದದ್ದೂ ಹೊರಗೆ ಜಿನುಗುತ್ತದೆ. ಎರಡು ಮೂರು ದಿನದ ಅರ್ಧಾಯುಷ್ಯದ ಪ್ರಿಆಲ್ಬುಮಿನ್ನಿನ ಪಾಡೂ ಇದೇ. ಮುತ್ಯಾನ ಸಿಆರ್‌ಪಿ ಏರಿದ್ದು ಅದೇ ವರದಿಯಲ್ಲಿತ್ತು, ನಾನು ಅಲ್ಲಿವರೆಗೆ ಓದಿರಲಿಲ್ಲ. ಆಲ್ಬುಮಿನ್, ಪ್ರಿಆಲ್ಬುಮಿನ್ ಎರಡೂ ಪೋಷಣೆಯ ಅಳತೆಯಲ್ಲ, ಉರಿಯೂತದ ಸೂಚನೆ ಎಂದು ಅಮೆರಿಕದ ಪೋಷಣಾ ತಜ್ಞರ ಸಂಘ ಆಸ್ಪೆನ್ 2020ರ ಹೊತ್ತಿಗೆ ಸ್ಪಷ್ಟವಾಗಿ ಹೇಳಿದೆ.

ಇದಕ್ಕಿಂತ ದೊಡ್ಡ ತಪ್ಪು ಹೆಣ್ಣುಮಕ್ಕಳ ವಾರ್ಡಿನಲ್ಲಿ ಆಯಿತು. ಅಲ್ಲಿ ಒಬ್ಬ ಆಯಿಯ ಆಲ್ಬುಮಿನ್ 3.8. 'ಪೋಷಣೆ ಸರಿ ಇದೆ' ಎಂದು ಬರೆದು ಮುಂದೆ ನಡೆದಿದ್ದೆ. ಸೋಂಕಿಲ್ಲದ ದೇಹ ಹಸಿವಿನಲ್ಲೂ ಆಲ್ಬುಮಿನನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ. ಮೈಯಲ್ಲಿ ನೀರು ಕಡಿಮೆಯಾದರಂತೂ ಅಂಕಿ ಇನ್ನೂ ಚೆಂದ ಕಾಣುತ್ತದೆ. ಹಲ್ಲಿಲ್ಲದ ಆಕೆ ಖಡಕ್ ರೊಟ್ಟಿ ಅಗಿಯಲಾರದೆ ತಿಂಗಳುಗಟ್ಟಲೆ ಚಹಾ ಕುಡಿದೇ ದಿನ ದೂಡುತ್ತಿದ್ದಳು. ಬಳೆ ಮೊಳಕೈವರೆಗೆ ಜಾರುತ್ತಿತ್ತು. ಅದನ್ನು ಗಮನಿಸಿದ್ದು ನಾನಲ್ಲ, ನರ್ಸ್. ಮೀನಖಂಡದ ಸುತ್ತಳತೆ 31 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಹಿರಿಯರ ವಿಷಯದಲ್ಲಿ ಎಚ್ಚರಗೊಳ್ಳಬೇಕು, ಆಕೆಯದು 26. ತೊಗರಿಯ ಕಣಜ ಎನ್ನಿಸಿಕೊಂಡ ಸೀಮೆಯಲ್ಲಿ, ಅದೂ ನನ್ನ ಕಣ್ಣೆದುರಿಗೇ ಇದು ನಡೆಯಿತಲ್ಲ ಎಂಬ ಸಂಕಟ ಇನ್ನೂ ಇದೆ.

ಬೈದದ್ದು ಎಲ್ಲರೆದುರಾದ್ದರಿಂದ ಮುತ್ಯಾನ ಸೊಸೆಯ ಕ್ಷಮೆಯನ್ನೂ ಎಲ್ಲರೆದುರೇ ಕೇಳಿದೆ. ಆಯಿಗೆ ಜೋಳದ ನುಚ್ಚು, ಮೆತ್ತಗೆ ಬೇಯಿಸಿದ ಬೇಳೆ, ಮೊಟ್ಟೆ ಸ್ವಲ್ಪಸ್ವಲ್ಪವಾಗಿ ಶುರು ಮಾಡಿದೆವು. ಬಹುದಿನ ಬರಿಹೊಟ್ಟೆಯಲ್ಲಿದ್ದವರಿಗೆ ಒಮ್ಮೆಲೇ ಉಣಿಸಿದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಜೀವಕ್ಕೇ ಅಪಾಯ. ಈಗ ದಾಖಲಾಗುವ ಹಿರಿಯರನ್ನು ಮೊದಲು ತೂಗುತ್ತೇವೆ, ಬಾಯಿ ತೆರೆಸಿ ಹಲ್ಲು ನೋಡುತ್ತೇವೆ, ಕಳೆದ ಮೂರು ತಿಂಗಳಲ್ಲಿ ಊಟ ಎಷ್ಟು ಇಳಿದಿದೆ ಎಂದು ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತೇವೆ.