ಭಾಗ 4: ‘ಆ್ಯಪ್ ಫಾಸ್ಟ್ ಇರಬೇಕು’ ಅಂತ ಬರೆದವನು ನಾನೇ

ಮೊದಲ ಫೋಟೋದಲ್ಲಿರೋದು ನಮ್ಮೂರ ಹಾಲಿನ ಡೇರಿಯ ನೋಟ್‌ಬುಕ್. ನನ್ನ ಫೈನಲ್ ಇಯರ್ ಪ್ರಾಜೆಕ್ಟ್ ಸೋತಿದ್ದು ಇದರ ಮುಂದೆ.

ಡೇರಿಗೆ ಒಂದು ಆ್ಯಪ್ ಮಾಡಿದ್ವಿ. ಯಾರು ಎಷ್ಟು ಲೀಟರ್ ಹಾಕಿದ್ರು, ಫ್ಯಾಟ್ ಎಷ್ಟು, ದುಡ್ಡೆಷ್ಟು, ಎಲ್ಲಾ ಅದರಲ್ಲೇ. ಕಾಲೇಜು ಲ್ಯಾಬಲ್ಲಿ ಒಂದು ಸಲಾನೂ ಕೈಕೊಡಲಿಲ್ಲ. ಊರಲ್ಲಿ ಬೆಳಿಗ್ಗೆ 6.30ಕ್ಕೆ ಜನ ಕ್ಯೂ ನಿಂತಿದ್ದಾರೆ, ನೆಟ್‌ವರ್ಕ್ ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ, ಸ್ಕ್ರೀನ್ ಮೇಲೆ ಚಕ್ರ ಸುತ್ತುತ್ತಾನೇ ಇದೆ. ಕ್ಯಾನ್ ಹಿಡ್ಕೊಂಡು ನಿಂತಿದ್ದ ಅಮ್ಮ ಎಲ್ಲರ ಮುಂದೆ ಕೇಳಿದ್ರು: “ಹಾಲು ಒಡೆದ್ರೆ ನಿನ್ನ ಆ್ಯಪ್ ದುಡ್ಡು ಕೊಡುತ್ತೇನೋ?” ಸೆಕ್ರೆಟರಿ ಏನೂ ಮಾತಾಡದೆ ನೋಟ್‌ಬುಕ್ ತೆಗೆದ್ರು.

ಅವತ್ತು ರಾತ್ರಿ ನಮ್ಮ ಎಸ್‌ಆರ್‌ಎಸ್ ತೆಗೆದು ನೋಡಿದೆ. ಆ್ಯಪ್ ಏನೇನು ಮಾಡಬೇಕು ಅನ್ನೋದಕ್ಕೆ 14 ಪುಟ. ಅದನ್ನ ಎಷ್ಟು ಬೇಗ, ಎಷ್ಟು ಭದ್ರವಾಗಿ, ಎಂಥ ಜಾಗದಲ್ಲಿ ಮಾಡಬೇಕು ಅನ್ನೋ ನಾನ್-ಫಂಕ್ಷನಲ್ ರಿಕ್ವೈರ್‌ಮೆಂಟ್ಸ್‌ಗೆ 3 ಸಾಲು: ಫಾಸ್ಟ್, ಸೆಕ್ಯೂರ್, ಯೂಸರ್ ಫ್ರೆಂಡ್ಲಿ. ಸೀನಿಯರ್ ರಿಪೋರ್ಟಿಂದ ಎತ್ತಿದ್ದು. ಫಾಸ್ಟ್ ಅಂದ್ರೆ ಎಷ್ಟು? ಬರೆದ ನನಗೇ ಗೊತ್ತಿರಲಿಲ್ಲ. ಹಾಗಾಗಿ ಯಾರೂ ಟೆಸ್ಟ್ ಮಾಡಲೂ ಇಲ್ಲ.

ಈ ಗೊಂದಲ ನಮ್ಮದಷ್ಟೇ ಅಲ್ಲ. 2007ರಲ್ಲಿ ದೆಹಲಿಯಲ್ಲಿ ನಡೆದ ರಿಕ್ವೈರ್‌ಮೆಂಟ್ಸ್ ಎಂಜಿನಿಯರಿಂಗ್ ಸಮ್ಮೇಳನದ ಒಂದು ಪೇಪರಲ್ಲಿ ಮಾರ್ಟಿನ್ ಗ್ಲಿಂಜ್ ಅನ್ನೋ ಪ್ರೊಫೆಸರ್, ಈ ಪದದ ಅರ್ಥದ ಬಗ್ಗೆ ಇನ್ನೂ ಒಮ್ಮತ ಇಲ್ಲ ಅಂತ ತೋರಿಸಿದ್ರು. ಐಎಸ್‌ಒ 25010 ಮಾನದಂಡ 2011ರಲ್ಲಿ ಸಾಫ್ಟ್‌ವೇರ್ ಗುಣಮಟ್ಟವನ್ನ 8 ಭಾಗ ಮಾಡಿತ್ತು; 2023ರಲ್ಲಿ ಸೇಫ್ಟಿ ಸೇರಿ 9 ಆಯ್ತು. ಆ ಪಟ್ಟಿ ಇಟ್ಕೊಂಡ್ರೆ ಏನೇನು ಕೇಳಬೇಕು ಅಂತ ಗೊತ್ತಾಗುತ್ತೆ. ಆದ್ರೆ ನಮ್ಮ ಡೇರಿಗೆ ಎಷ್ಟು ಸೆಕೆಂಡ್ ಅನ್ನೋದನ್ನ ಡೇರಿಗೇ ಹೋಗಿ ಕೇಳಬೇಕು.

ಹೋಗಿ ಕೇಳಿದೆ. ಹೊಸ ಸಾಲು ಹೀಗಾಯ್ತು: “ಸೆಕ್ರೆಟರಿಯ ಹಳೇ ಫೋನಲ್ಲಿ, ನೆಟ್‌ವರ್ಕ್ ಇಲ್ಲದಿದ್ರೂ, ಒಂದು ಎಂಟ್ರಿ 3 ಸೆಕೆಂಡಲ್ಲಿ ಸೇವ್ ಆಗಬೇಕು.” ಅಂದ್ರೆ ಡೇಟಾ ಮೊದಲು ಫೋನಲ್ಲೇ ಉಳೀಬೇಕು. ಈ ಒಂದು ಸಾಲಿಗೆ ಅರ್ಧ ಆ್ಯಪ್ ಬಿಚ್ಚಿ ಮತ್ತೆ ಕಟ್ಟಿದ್ವಿ. ಆಗ ಇನ್ನೊಂದು ತಲೆನೋವು. ಫೋನ್ ಬೇರೆಯವರ ಕೈಗೆ ಸಿಕ್ಕಿದ್ರೆ? ಪ್ರತಿ ಎಂಟ್ರಿಗೂ ಪಿನ್ ಕೇಳಿದ್ರೆ ಕ್ಯೂ ನಿಲ್ಲುತ್ತೆ. ಸೆಕ್ರೆಟರಿನೇ ದಾರಿ ಹೇಳಿದ್ರು: ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಪಿನ್ ಸಾಕು.

ಈಗ ಮೇಜಿನ ಮೇಲೆ ಫೋನೂ ಇದೆ, ನೋಟ್‌ಬುಕ್ಕೂ ಇದೆ. ಅಮ್ಮ ಇನ್ನೂ ನೋಟ್‌ಬುಕ್ಕನ್ನೇ ನೋಡ್ತಾರೆ. ಇರಲಿ.

ಸಬ್ಮಿಟ್ ಮಾಡೋ ಮುಂಚೆ ನಿಮ್ಮ ಎಸ್‌ಆರ್‌ಎಸ್ ಒಂದ್ಸಲ ತೆಗೀರಿ. ‘ಫಾಸ್ಟ್’ ಅಂತ ಇದ್ರೆ ಪಕ್ಕದಲ್ಲಿ ಬರೀರಿ: ಎಷ್ಟು? ಯಾರ ಫೋನಲ್ಲಿ? ಎಲ್ಲಿ? ಆಮೇಲೆ ಆ ಸಾಲನ್ನ ಕಾಮೆಂಟಲ್ಲಿ ಹಾಕಿ, ಒಟ್ಟಿಗೆ ಸರಿ ಮಾಡೋಣ.